ಜಾತಿ ನಾಯಿಮರಿ ತರುವ ಮುನ್ನ ಅದರ ತಾಯಿಯನ್ನು ನೋಡಿ

ಎಂಟು ವಾರದ ನಾಯಿಮರಿ ಯಾವ ತಳಿಯದ್ದಾದರೂ ಮುದ್ದಾಗಿಯೇ ಇರುತ್ತದೆ. ಮುಂದೆ ಸೊಂಟದ ಕೀಲು ಹಾಳಾಗಲಿರುವ ಮರಿಯೂ ಕುಣಿಯುತ್ತಾ ಬರುತ್ತದೆ. ಹೃದಯದ ಕಾಯಿಲೆಯನ್ನು ಹುಟ್ಟುವಾಗಲೇ ಹೊತ್ತು ತಂದ ಮರಿಯೂ ಬಾಲ ಅಲ್ಲಾಡಿಸುತ್ತದೆ. ಇಂಥ ತೊಂದರೆಗಳು ಹೊರಗೆ ಕಾಣುವುದು ಒಂದೆರಡು ವರ್ಷ ಕಳೆದ ಮೇಲೆ, ಕೆಲವಂತೂ ಐದಾರು ವರ್ಷ ಆದ ಮೇಲೆ. ಅಷ್ಟು ಹೊತ್ತಿಗೆ ಅದು ಮನೆಯ ಮಗುವೇ ಆಗಿಬಿಟ್ಟಿರುತ್ತದೆ. ನೋವು ತಿನ್ನುವುದು ಅದು, ನೋಡಿ ಸಂಕಟ ಪಡುವುದು ಮನೆಯವರೆಲ್ಲ.

ಹಾಗಾಗಿ ಮರಿಯ ಮುಖ ನೋಡಿ ತೀರ್ಮಾನ ಮಾಡಬೇಡಿ. ಅದರ ಅಪ್ಪ ಅಮ್ಮ ಹೇಗಿದ್ದಾರೆ, ಅದು ಹುಟ್ಟಿ ಬೆಳೆದ ಜಾಗ ಹೇಗಿದೆ, ಅದನ್ನು ಹುಟ್ಟಿಸಿ ಸಾಕಿದವರು, ಅಂದರೆ ಬ್ರೀಡರ್, ಎಂಥವರು, ಇದನ್ನೆಲ್ಲ ನೋಡಿ. ಇಲ್ಲಿರುವ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಟ್ಟರೆ ಒಳ್ಳೆಯದು. ಮರಿ ನೋಡಲು ಹೋಗುವುದು ಐದನೇ ಹೆಜ್ಜೆ, ಮೊದಲನೆಯದಲ್ಲ.

1. ತಳಿ ಯಾವುದೆಂದು ತೀರ್ಮಾನ ಮಾಡಿ

ಅಂತರರಾಷ್ಟ್ರೀಯ ನಾಯಿ ಸಂಸ್ಥೆ ಎಫ್‌ಸಿಐ 1911ರಲ್ಲಿ ಶುರುವಾಯಿತು. ಅದು ಮಾನ್ಯ ಮಾಡಿರುವ ತಳಿಗಳು 350ಕ್ಕೂ ಜಾಸ್ತಿ. ಅವನ್ನು 10 ಗುಂಪುಗಳಾಗಿ ಮಾಡಿದೆ. ಆ ಗುಂಪುಗಳನ್ನು ಸುಮ್ನೆ ಒಮ್ಮೆ ಓದಿದರೂ ಒಂದು ವಿಷಯ ಹೊಳೆಯುತ್ತದೆ. ಬಹುಪಾಲು ತಳಿಗಳ ಹಿಂದೆ ಒಂದು ಕೆಲಸ ಇದೆ. ಬಾರ್ಡರ್ ಕೋಲಿ ಕುರಿ ಕಾಯಲು ಬೆಳೆಸಿದ ನಾಯಿ, ಬೀಗಲ್ ವಾಸನೆ ಹಿಡಿದು ಮೊಲದ ಬೆನ್ನು ಹತ್ತುವ ನಾಯಿ, ಸೈಬೀರಿಯನ್ ಹಸ್ಕಿ ಹಿಮದಲ್ಲಿ ಗಾಡಿ ಎಳೆಯುವ ನಾಯಿ. ಮನೆಯಲ್ಲಿ ಆ ಕೆಲಸ ಇಲ್ಲ ಅಂತ ಅವುಗಳ ಸ್ವಭಾವ ಬದಲಾಗುವುದಿಲ್ಲ. ಕೆಲಸ ಸಿಗದ ಬಾರ್ಡರ್ ಕೋಲಿ ಮಕ್ಕಳನ್ನೇ ಮಂದೆ ಅಂದುಕೊಂಡು ಸುತ್ತುಗಟ್ಟುತ್ತದೆ. ಬೀಗಲ್ ವಾಸನೆ ಹಿಡಿಯಿತು ಅಂದರೆ ನೀವು ಕೂಗಿದ್ದು ಅದಕ್ಕೆ ಕೇಳಿಸುವುದೇ ಇಲ್ಲ.

ಆಯಸ್ಸನ್ನೂ ಗಮನಿಸಿ. ಗ್ರೇಟ್ ಡೇನ್‌ನಂಥ ದೊಡ್ಡ ನಾಯಿಗಳು ಸಾಮಾನ್ಯವಾಗಿ ಎಂಟು, ಹತ್ತು ವರ್ಷ ಬದುಕುತ್ತವೆ. ಚಿಕ್ಕ ತಳಿಗಳು 14, 15 ವರ್ಷದವರೆಗೂ ಇರುತ್ತವೆ. ಪೂಡಲ್ ಕೂದಲು ಉದುರುವುದು ಕಡಿಮೆ, ಆದರೆ ಬೆಳೆಯುತ್ತಲೇ ಇರುತ್ತದೆ. ಆರು ವಾರಕ್ಕೊಮ್ಮೆಯಾದರೂ ಕತ್ತರಿಸಿ, ದಿನಾ ಬಾಚದಿದ್ದರೆ ಗಂಟು ಕಟ್ಟಿ ಚರ್ಮ ಎಳೆಯುತ್ತದೆ.

ಇಷ್ಟವಾದ ತಳಿಯ ಬೆಳೆದ ನಾಯಿಯ ಜೊತೆ ಒಂದರ್ಧ ದಿನ ಕಳೆಯಿರಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅದು ಎಷ್ಟು ಬೊಗಳುತ್ತದೆ, ಎಷ್ಟು ಎಳೆಯುತ್ತದೆ, ಅಪರಿಚಿತರು ಬಂದರೆ ಏನು ಮಾಡುತ್ತದೆ ಅಂತ ಕಣ್ಣಾರೆ ಕಾಣುತ್ತದೆ.

2. ಆ ತಳಿಗೆ ಯಾವ ಕಾಯಿಲೆ ಬರುತ್ತದೆ ಅಂತ ತಿಳಿದುಕೊಳ್ಳಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಒಳ್ಳೆಯ ಬ್ರೀಡರ್‌ ಯಾರು, ಸುಮ್ನೆ ಮರಿ ಹಾಕಿಸಿ ಮಾರುವವರು ಯಾರು ಅಂತ ಗೊತ್ತಾಗುವುದು ಇಲ್ಲೇ.

ಜಾತಿ ನಾಯಿ ಅಂದರೆ ಒಂದು ಸಣ್ಣ ಬಳಗದೊಳಗೇ ತಲೆಮಾರುಗಳಿಂದ ಕ್ರಾಸ್ ಮಾಡಿಸುತ್ತಾ ಬಂದದ್ದು. ಒಳ್ಳೆಯ ಗುಣದ ಜೊತೆ ಕೆಟ್ಟ ಜೀನ್ ಕೂಡ ಆ ಬಳಗದಲ್ಲೇ ಸುತ್ತುತ್ತಿರುತ್ತದೆ. ಹಾಗಾಗಿ ಪ್ರತಿ ತಳಿಗೂ ಅದರದ್ದೇ ಆದ ಕಾಯಿಲೆಗಳ ಪಟ್ಟಿ ಇದೆ. ನೀವು ಇಷ್ಟಪಟ್ಟ ತಳಿಯ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಿ.

ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ಸಾಮಾನ್ಯ. ಇದಕ್ಕೆ ಹಿಪ್ ಡಿಸ್‌ಪ್ಲಾಸಿಯಾ ಅನ್ನುತ್ತಾರೆ. ತೊಡೆಯ ಮೂಳೆಯ ಗುಂಡು ತಲೆ ಕೀಲಿನ ಗುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ, ಸಡಿಲವಾಗಿ ಉಜ್ಜಿ ಉಜ್ಜಿ ಸವೆಯುತ್ತದೆ. ತಂದೆ ತಾಯಿ ಇಬ್ಬರಿಗೂ ಸೊಂಟದ ಎಕ್ಸ್-ರೇ ತೆಗೆಸಿ, ಪರಿಣತರಿಂದ ಅಂಕ ಹಾಕಿಸಿರಬೇಕು. ಅಂಕದ ಪದ್ಧತಿ ಎಲ್ಲ ಕಡೆ ಒಂದೇ ಅಲ್ಲ. ಎಫ್‌ಸಿಐ ಪದ್ಧತಿಯಲ್ಲಿ ಎ ಇಂದ ಇ ವರೆಗೆ, ಎ ಅಂದರೆ ಒಳ್ಳೆಯದು. ಬ್ರಿಟನ್ನಿನ ಪದ್ಧತಿಯಲ್ಲಿ ಎರಡೂ ಕಡೆ ಸೇರಿ 0ಯಿಂದ 106, ಕಡಿಮೆ ಇದ್ದಷ್ಟೂ ಒಳ್ಳೆಯದು. ನಾಯಿಗಳ ಮೂಳೆ ಕೀಲಿನ ಪರೀಕ್ಷೆ ನೋಡುವ ಅಮೆರಿಕದ ಒಎಫ್‌ಎ ಸಂಸ್ಥೆ ಎರಡು ವರ್ಷ ತುಂಬದ ನಾಯಿಗೆ ಸೊಂಟದ ಅಂತಿಮ ಫಲಿತಾಂಶವನ್ನೇ ಕೊಡುವುದಿಲ್ಲ. ಒಂದು ವರ್ಷದ ನಾಯಿಯ ಎಕ್ಸ್-ರೇ ತೋರಿಸಿ "ಎಲ್ಲ ಸರಿ ಇದೆ" ಅಂದರೆ ಅದು ಪೂರ್ತಿ ಮಾತಲ್ಲ. ಇನ್ನೊಂದು ವಿಷಯವನ್ನೂ ಹೇಳಲೇಬೇಕು. ತಂದೆ ತಾಯಿಯ ಸೊಂಟ ಚೆನ್ನಾಗಿದ್ದರೂ ಮರಿಗೆ ತೊಂದರೆ ಬರಬಹುದು. ಹಲವು ಜೀನ್‌ಗಳು, ಬೆಳೆಯುವಾಗ ಮೈಯಲ್ಲಿ ಸೇರಿದ ಬೊಜ್ಜು ಎಲ್ಲವೂ ಸೇರಿ ಬರುವ ಕಾಯಿಲೆ ಅದು. ಆದರೆ ಪರೀಕ್ಷೆ ಮಾಡಿಸಿದವರ ಮರಿಗೆ ಆ ಅಪಾಯ ಕಡಿಮೆ.

ಡಾಬರ್‌ಮನ್‌ಗೆ ಹೃದಯದ ಸ್ನಾಯು ಹಿಗ್ಗಿ ಬಲ ಕಳೆದುಕೊಳ್ಳುವ ಕಾಯಿಲೆ ಇದೆ. ಮೂರನೇ ವರ್ಷದಲ್ಲಿ ಚೆನ್ನಾಗಿದ್ದ ನಾಯಿಗೆ ಆರನೇ ವರ್ಷದಲ್ಲಿ ಬರಬಹುದು. ಅದಕ್ಕೇ ಈ ತಳಿಯಲ್ಲಿ ಪ್ರತಿ ವರ್ಷ ಎಕೋ (ಹೃದಯದ ಸ್ಕ್ಯಾನ್) ಮತ್ತು 24 ಗಂಟೆ ಹೃದಯದ ಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆ ಬೇಕು. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ಗೆ ಹೃದಯದ ಕವಾಟದ ತೊಂದರೆ, ಜೊತೆಗೆ ಬೆನ್ನುಹುರಿಯ ನೋವಿನ ಕಾಯಿಲೆ. ಈ ತಳಿಯಲ್ಲಿ ಅಪ್ಪ ಅಮ್ಮನ ಹೃದಯ ಮಾತ್ರ ಅಲ್ಲ, ಅಜ್ಜ ಅಜ್ಜಿಗೆ ಐದು ವರ್ಷ ಆದಾಗ ಹೃದಯ ಹೇಗಿತ್ತು ಅಂತಲೂ ಕೇಳಬೇಕು. ಡಾಲ್ಮೇಷನ್‌ ಮರಿಗಳಲ್ಲಿ ಹುಟ್ಟು ಕಿವುಡು ಬರುತ್ತದೆ. ಒಂದೇ ಕಿವಿ ಕೇಳದ ಮರಿ ಮಾಮೂಲಿಯಾಗಿಯೇ ಓಡಾಡುವುದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಐದು ವಾರ ದಾಟಿದ ಮೇಲೆ ಬೇರ್ ಎಂಬ ಪರೀಕ್ಷೆಯಲ್ಲಿ ಎರಡೂ ಕಿವಿಯನ್ನು ಬೇರೆ ಬೇರೆ ನೋಡುತ್ತಾರೆ. ಕೋಲಿ ಜಾತಿಯ ನಾಯಿಗಳಲ್ಲಿ ಎಂಡಿಆರ್1 ಎಂಬ ಜೀನ್ ದೋಷ ಇದ್ದರೆ ಐವರ್‌ಮೆಕ್ಟಿನ್‌ನಂಥ ಹುಳುವಿನ ಔಷಧಿ ಜಾಸ್ತಿ ಪ್ರಮಾಣದಲ್ಲಿ ಕೊಟ್ಟಾಗ ಪ್ರಾಣಕ್ಕೇ ಕುತ್ತು. ಡ್ಯಾಶ್‌ಹುಂಡ್‌ಗೆ ಬೆನ್ನಿನ ಡಿಸ್ಕ್ ಜಾರುವ ಭಯ.

ಪಗ್, ಫ್ರೆಂಚ್ ಬುಲ್‌ಡಾಗ್, ಇಂಗ್ಲಿಷ್ ಬುಲ್‌ಡಾಗ್‌ಗಳ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಮೂಗು ಚಪ್ಪಟೆ ಆದಷ್ಟೂ ಉಸಿರಾಟ ಕಷ್ಟ. ಅವು ಗೊರಗೊರ ಅನ್ನುವುದು ಮುದ್ದಿನ ಲಕ್ಷಣ ಅಲ್ಲ, ಗಾಳಿ ಸಾಲದೆ ಬರುವ ಶಬ್ದ. ಬುಲ್‌ಡಾಗ್‌ಗಳಲ್ಲಿ ಹೆಚ್ಚಿನವು ಹುಟ್ಟುವುದೇ ಸಿಸೇರಿಯನ್‌ನಿಂದ. ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಜಾತಿ ನಾಯಿಗಳ ನೋಂದಣಿ ಮಾಡುವ ಬ್ರಿಟನ್ನಿನ ಕೆನಲ್ ಕ್ಲಬ್ ಸೇರಿ 2019ರಲ್ಲಿ ಇವುಗಳಿಗೆ ಒಂದು ಉಸಿರಾಟದ ಪರೀಕ್ಷೆ ಶುರು ಮಾಡಿದವು. ವೈದ್ಯರು ಮೊದಲು ಕುತ್ತಿಗೆಯ ಹತ್ತಿರ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ, ಮೂರು ನಿಮಿಷ ನಾಯಿಯನ್ನು ಓಡಿಸುತ್ತಾರೆ, ಮತ್ತೆ ಕೇಳುತ್ತಾರೆ. ಆಮೇಲೆ 0ಯಿಂದ 3ರವರೆಗೆ ದರ್ಜೆ ಕೊಡುತ್ತಾರೆ. ಈ ತಳಿಯೇ ಬೇಕು ಅನ್ನುವವರು ತಂದೆ ತಾಯಿ 0 ಅಥವಾ 1ರಲ್ಲಿ ಇದ್ದರೆ ಮಾತ್ರ ಮುಂದೆ ಹೋಗಿ. ಅಂಥ ಪರೀಕ್ಷೆ ಹತ್ತಿರದಲ್ಲಿ ಸಿಗದಿದ್ದರೆ ತಾಯಿಯನ್ನು ಚುರುಕಾಗಿ ನಡೆಸಿ ತೋರಿಸಿ ಅನ್ನಿ. ಐದು ನಿಮಿಷಕ್ಕೇ ಏದುಸಿರು ಬಿಟ್ಟರೆ ವಾಪಸ್ ಬನ್ನಿ.

ಇನ್ನು ಡಿಎನ್‌ಎ ಪರೀಕ್ಷೆ. ಅದರ ವರದಿಯಲ್ಲಿ ಮೂರು ಮಾತು ಬರುತ್ತವೆ: ಕ್ಲಿಯರ್, ಕ್ಯಾರಿಯರ್, ಅಫೆಕ್ಟೆಡ್. ಕ್ಯಾರಿಯರ್ ಅಂದರೆ ಕೆಟ್ಟ ಜೀನ್‌ನ ಒಂದು ಪ್ರತಿ ಮಾತ್ರ ಇದೆ ಅಂತ. ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕಾಯಿಲೆ ಆಗಿದ್ದರೆ ಆ ನಾಯಿಗೆ ಏನೂ ಆಗುವುದಿಲ್ಲ. ಕ್ಯಾರಿಯರ್ ಜೊತೆ ಕ್ಲಿಯರ್ ಕ್ರಾಸ್ ಆದರೆ ಮರಿಗಳಿಗೆ ಕಾಯಿಲೆ ಬರುವುದಿಲ್ಲ. ಇಬ್ಬರೂ ಕ್ಯಾರಿಯರ್ ಆದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹಾಗಾಗಿ "ಕ್ಯಾರಿಯರ್" ಅಂತ ಕಂಡ ಕೂಡಲೇ ಗಾಬರಿ ಬೇಡ, ಜೋಡಿ ಯಾವುದು ಅಂತ ಕೇಳಿ. ಕ್ಯಾರಿಯರ್ ಅಂತ ಬಚ್ಚಿಡದೆ ಹೇಳುವ ಬ್ರೀಡರ್ ನನ್ನ ಲೆಕ್ಕದಲ್ಲಿ ಒಳ್ಳೆಯ ಬ್ರೀಡರ್.

3. ಬ್ರೀಡರ್ ಹುಡುಕಿ

ಕೆನಲ್ ಕ್ಲಬ್, ಆಯಾ ತಳಿಯ ಕ್ಲಬ್, ಡಾಗ್ ಶೋ, ನಾಯಿಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯರು, ಇಲ್ಲಿಂದ ಹುಡುಕಾಟ ಶುರುವಾಗಲಿ. ಆರೋಗ್ಯವಾಗಿರುವ ನಾಯಿ ಸಾಕಿಕೊಂಡವರನ್ನು ಎಲ್ಲಿಂದ ತಂದಿರಿ ಅಂತ ಕೇಳಿ. ಅದರಲ್ಲೂ ನಾಯಿಗೆ ಆರೇಳು ವರ್ಷ ಆಗಿದ್ದರೆ ಅವರ ಮಾತಿಗೆ ತೂಕ ಜಾಸ್ತಿ.

ಒಳ್ಳೆಯ ಬ್ರೀಡರ್ ಹತ್ತಿರ ನೀವು ಫೋನ್ ಮಾಡಿದ ದಿನ ಮರಿ ಇರುವುದಿಲ್ಲ. ಅವರ ಬಳಿ ಒಂದು ಅಥವಾ ಎರಡು ತಳಿ ಮಾತ್ರ ಇರುತ್ತದೆ, ಕಾಯುವವರ ಪಟ್ಟಿ ಇರುತ್ತದೆ. ನಾಯಿಯ ಬಸಿರು ಸುಮಾರು 63 ದಿನ, ಆಮೇಲೆ ಎಂಟು ವಾರ. ಅಲ್ಲಿಗೆ ನಾಲ್ಕು ತಿಂಗಳು ಆಯಿತು. ಆರು ತಿಂಗಳು, ಒಂದು ವರ್ಷ ಕಾಯಬೇಕಾಗಿ ಬಂದರೂ ಕಾಯಿರಿ.

ಹತ್ತು ತಳಿಯ ಮರಿಗಳು ಯಾವಾಗಲೂ ಸಿಗುತ್ತವೆ ಅನ್ನುವ ಜಾಗದಿಂದ ದೂರ ಇರಿ. ಮನೆಗೆ ಬರುವುದು ಬೇಡ, ದಾರಿಯಲ್ಲೇ ಸಿಗುತ್ತೇವೆ ಅನ್ನುವವರಿಂದಲೂ ದೂರ ಇರಿ. ಫೋಟೋ ಕಳಿಸಿ ಮುಂಗಡ ಹಣ ಕೇಳುವವರು ಆ ಫೋಟೋವನ್ನು ಬೇರೆ ಎಲ್ಲಿಂದಲೋ ಎತ್ತಿಕೊಂಡಿರಬಹುದು. ಇಂಟರ್ನೆಟ್‌ನಲ್ಲಿ ಫೋಟೋ ಹಾಕಿ ಹುಡುಕಿ ನೋಡಿ, ಅಥವಾ ವಿಡಿಯೋ ಕಾಲ್‌ನಲ್ಲಿ ತಾಯಿ ಮರಿ ಒಟ್ಟಿಗೆ ತೋರಿಸಿ ಅನ್ನಿ. ಮಧ್ಯವರ್ತಿಗಳ ಮೂಲಕ ಬರುವ ಮರಿಗಳ ಹಿಂದೆ ಬಹಳ ಸಲ ಪಂಜರದಲ್ಲೇ ಕೊಳೆಯುವ ತಾಯಂದಿರು ಇರುತ್ತಾರೆ. ಇಂಥ ಒಂದು ಜಾಗದಿಂದ ಬಿಡಿಸಿ ತಂದ ಲೂಸಿ ಎಂಬ ಕ್ಯಾವಲಿಯರ್ ನಾಯಿಯ ಹೆಸರಿನಲ್ಲೇ ಇಂಗ್ಲೆಂಡಿನಲ್ಲಿ 2020ರಲ್ಲಿ ಕಾನೂನು ಬಂತು. ಆರು ತಿಂಗಳಿಗಿಂತ ಚಿಕ್ಕ ಮರಿಯನ್ನು ಅಲ್ಲಿ ಮಧ್ಯವರ್ತಿಗಳು ವ್ಯಾಪಾರಕ್ಕಾಗಿ ಮಾರುವಂತಿಲ್ಲ. ಕೊಳ್ಳುವವರು ಮರಿಯನ್ನು ಅದು ಹುಟ್ಟಿದ ಜಾಗದಲ್ಲೇ, ತಾಯಿಯ ಜೊತೆಗೇ ನೋಡಬೇಕು.

"ಅಪರೂಪದ ಬಣ್ಣ", "ಟೀಕಪ್ ಸೈಜ್" ಅನ್ನುವ ಮಾತು ಕೇಳಿದರೆ ಹುಷಾರಾಗಿ. ಟೀಕಪ್ ಅಂತ ಒಂದು ತಳಿಯೇ ಇಲ್ಲ. ಅತಿ ಸಣ್ಣ ಮರಿಗಳಿಗೆ ರಕ್ತದಲ್ಲಿ ಸಕ್ಕರೆ ಕುಸಿಯುವುದು, ಮೂಳೆ ಮುರಿಯುವುದು ಬಹಳ ಬೇಗ. ಮರ್ಲ್ ಬಣ್ಣದ, ಅಂದರೆ ತಿಳಿ ಬಣ್ಣದ ಮೈಮೇಲೆ ಗಾಢ ಮಚ್ಚೆ ಇರುವ, ಎರಡು ನಾಯಿಗಳನ್ನು ಕ್ರಾಸ್ ಮಾಡಿಸಿದರೆ ಕುರುಡು, ಕಿವುಡು ಮರಿಗಳು ಹುಟ್ಟಬಹುದು. ಗೊತ್ತಿದ್ದೂ ಹಾಗೆ ಮಾಡುವವರಿಂದ ಏನನ್ನೂ ಕೊಳ್ಳಬಾರದು.

4. ಮೊದಲ ಫೋನ್‌ನಲ್ಲೇ ಕೇಳಿ

ತಾಯಿಗೆ ಎಷ್ಟು ವಯಸ್ಸು? ಇದು ಎಷ್ಟನೇ ಸೂಲು? ಹಿಂದಿನ ಸೂಲು ಯಾವಾಗ? ಮೈ ಬೆಳೆಯುವ ಮುಂಚೆಯೇ ಮೊದಲ ಬೆದೆಗೇ ಕ್ರಾಸ್ ಮಾಡಿಸಿದ್ದಾರೆ ಅಂದರೆ ಅಲ್ಲಿಗೇ ಮಾತು ಮುಗಿಸಿ. ಬ್ರಿಟನ್ನಿನ ಕೆನಲ್ ಕ್ಲಬ್ ಒಂದು ತಾಯಿಯ ನಾಲ್ಕು ಸೂಲಿಗಿಂತ ಜಾಸ್ತಿ ನೋಂದಣಿ ಮಾಡುವುದಿಲ್ಲ. ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಬಹುದು.

ಆಮೇಲೆ, ಈ ಎರಡು ನಾಯಿಗಳನ್ನೇ ಯಾಕೆ ಜೋಡಿ ಮಾಡಿದಿರಿ ಅಂತ ಕೇಳಿ. ನನಗೆ ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಒಳ್ಳೆಯ ಬ್ರೀಡರ್ ಇದಕ್ಕೆ ಅರ್ಧ ಗಂಟೆ ಉತ್ತರ ಹೇಳುತ್ತಾರೆ: ತಾಯಿಯ ಸ್ವಭಾವ ಹೀಗೆ, ಅದರ ಈ ಕೊರತೆ ತುಂಬಲು ಈ ಗಂಡು ಹುಡುಕಿದೆ, ಗಂಡಿನ ಕಡೆ ಇಂಥ ಕಾಯಿಲೆ ಇಲ್ಲ. "ಎರಡೂ ಚಾಂಪಿಯನ್ ಬ್ಲಡ್‌ಲೈನ್" ಅಂತ ಮಾತ್ರ ಹೇಳಿದರೆ ಅದು ಉತ್ತರವೇ ಅಲ್ಲ. ಮುತ್ತಜ್ಜ ಶೋ ಗೆದ್ದಿದ್ದಕ್ಕೂ ಮರಿಯ ಹೃದಯಕ್ಕೂ ಸಂಬಂಧ ಇಲ್ಲ.

ಅವರು ನಿಮ್ಮನ್ನೂ ಕೇಳಬೇಕು. ಮನೆಯಲ್ಲಿ ಯಾರ್ಯಾರು ಇದ್ದೀರಿ, ನಾಯಿ ಎಷ್ಟು ಹೊತ್ತು ಒಂಟಿ ಇರುತ್ತದೆ, ಹಿಂದೆ ನಾಯಿ ಸಾಕಿದ್ದೀರಾ, ಅದಕ್ಕೆ ಏನಾಯಿತು. ಇಷ್ಟು ಪ್ರಶ್ನೆ ಕೇಳಿದರು ಅಂತ ಬೇಜಾರು ಮಾಡಿಕೊಳ್ಳಬೇಡಿ. ಏನೂ ಕೇಳದೆ ಮರಿ ಕೊಡುವವರೇ ಅನುಮಾನ ಪಡಬೇಕಾದವರು.

5. ಹೋಗಿ ನೋಡಿ, ತಾಯಿಯಿಂದ ಶುರು ಮಾಡಿ

ಒಂದೇ ದಿನ ಎರಡು ಮೂರು ಬ್ರೀಡರ್ ಮನೆಗೆ ಹೋಗಬೇಡಿ. ವಾಂತಿ ಭೇದಿ ತರುವ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಚಪ್ಪಲಿಗೆ ಅಂಟಿಕೊಂಡು ಹೋಗುತ್ತದೆ. ಲಸಿಕೆ ಪೂರ್ತಿ ಆಗದ ಮರಿಗಳಿಗೆ ಅದು ಸಾವು ತರುತ್ತದೆ. ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಡಿ, ಕೈ ತೊಳೆದುಕೊಳ್ಳಿ ಅಂತ ಅವರೇ ಹೇಳಿದರೆ ಸಂತೋಷ ಪಡಿ.

ಮರಿಗಳ ಮೇಲೆ ಕಣ್ಣು ಹೋಗುವ ಮುಂಚೆ ತಾಯಿಯನ್ನು ನೋಡಿ. ಮರಿ ಹಾಕಿ ಆರು ವಾರ ಆದ ತಾಯಿಯ ಮೊಲೆಗಳು ಊದಿ ಜೋತು ಬಿದ್ದಿರುತ್ತವೆ. ಮರಿಗಳ ಚೂಪು ಉಗುರು ಗೀಚಿದ ಕೆಂಪು ಗೆರೆಗಳು ಅವುಗಳ ಸುತ್ತ ಕಾಣುತ್ತವೆ. ಕೂದಲು ತೆಳ್ಳಗಾಗಿರಬಹುದು, ಮೈ ಸ್ವಲ್ಪ ಇಳಿದಿರಬಹುದು, ಅದು ಸಹಜ. ತಾಯಿ ಒಳಗೆ ಬಂದ ಕೂಡಲೇ ಮರಿಗಳು ಅದರ ಹೊಟ್ಟೆಯ ಕೆಳಗೆ ನುಗ್ಗುತ್ತವೆ. ಅದು ನಿಂತು ಹಾಲು ಕೊಡುತ್ತದೆ, ಇಲ್ಲವೇ ಸಾಕಾಗಿ ಗುರ್ ಎಂದು ಎದ್ದು ಹೋಗುತ್ತದೆ. ಎರಡೂ ತಾಯಿಯ ಲಕ್ಷಣವೇ. "ಇದೇ ತಾಯಿ" ಅಂತ ತೋರಿಸಿದ ನಾಯಿಯ ಹೊಟ್ಟೆ ಬಿಗಿಯಾಗಿದೆ, ಮೊಲೆ ಸಣ್ಣಗಿವೆ, ಮರಿಗಳು ಅದರ ಹತ್ತಿರವೇ ಹೋಗುತ್ತಿಲ್ಲ ಅಂದರೆ ಆ ಮರಿಗಳು ಬೇರೆ ಎಲ್ಲಿಂದಲೋ ಬಂದಿರಬಹುದು.

ತಾಯಿ ನಿಮ್ಮನ್ನು ಕಂಡಾಗ ಏನು ಮಾಡುತ್ತದೆ? ಮೊದಲು ಸ್ವಲ್ಪ ಬೊಗಳಿ, ಒಡೆಯರ ಮುಖ ನೋಡಿ, ಆಮೇಲೆ ಬಂದು ಮೂಸಿದರೆ ಒಳ್ಳೆಯದು. ಮೂಲೆಗೆ ಸೇರಿ ನಡುಗುತ್ತಿದ್ದರೆ ಆ ಅಂಜಿಕೆ ಮರಿಗಳಿಗೂ ಬಂದಿರುವ ಸಾಧ್ಯತೆ ಜಾಸ್ತಿ. ಸ್ವಭಾವದ ಒಂದು ಪಾಲು ರಕ್ತದಲ್ಲೇ ಬರುತ್ತದೆ, ಇನ್ನೊಂದು ಪಾಲನ್ನು ಮರಿಗಳು ತಾಯಿಯನ್ನು ನೋಡಿ ಕಲಿಯುತ್ತವೆ. ಅಪ್ಪ ಅಲ್ಲಿ ಇಲ್ಲದಿದ್ದರೆ ಚಿಂತೆ ಇಲ್ಲ. ಒಳ್ಳೆಯ ಬ್ರೀಡರ್‌ಗಳು ಸರಿಯಾದ ಗಂಡಿಗಾಗಿ ದೂರ ಹೋಗುತ್ತಾರೆ. ಅದರ ಪರೀಕ್ಷೆಯ ಕಾಗದ ಇದ್ದರೆ ಸಾಕು.

ಮರಿಗಳು ಎಲ್ಲಿ ಮಲಗುತ್ತವೆ ಅಂತ ನೋಡಿ. ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕು ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಒಪ್ಪಿಕೊಳ್ಳುವ ಕಾಲ. ಆ ಕಾಲದ ಅರ್ಧ ಬ್ರೀಡರ್ ಮನೆಯಲ್ಲೇ ಕಳೆದುಹೋಗುತ್ತದೆ. ಪಾತ್ರೆ ಸದ್ದು, ಮಕ್ಕಳ ಗಲಾಟೆ, ಮಿಕ್ಸಿ ಶಬ್ದ ಕೇಳುತ್ತಾ ಬೆಳೆದ ಮರಿಗೂ ಹಿಂದಿನ ಶೆಡ್ಡಿನಲ್ಲಿ ಮನುಷ್ಯರ ಮುಖ ಕಾಣದೆ ಬೆಳೆದ ಮರಿಗೂ ಬಹಳ ವ್ಯತ್ಯಾಸ ಇದೆ.

ಕೊಳಕು ಜಾಗದಲ್ಲಿ ಸೊರಗಿದ ಮರಿ ಕಂಡರೆ ಕರುಳು ಚುರುಕ್ ಅನ್ನುತ್ತದೆ. ಇದನ್ನಾದರೂ ಉಳಿಸೋಣ ಅಂತ ಅನ್ನಿಸುತ್ತದೆ. ದಯವಿಟ್ಟು ಕೊಳ್ಳಬೇಡಿ. ನೀವು ಕೊಟ್ಟ ಹಣದಿಂದ ಆ ತಾಯಿಗೆ ಇನ್ನೊಂದು ಸೂಲು ಹೊರುವ ಕರ್ಮ ಬರುತ್ತದೆ. ಹೊರಗೆ ಬಂದು ಪ್ರಾಣಿ ದಯಾ ಸಂಸ್ಥೆಗೆ ದೂರು ಕೊಡಿ. ಅದೇ ಆ ನಾಯಿಗಳಿಗೆ ನಿಜವಾದ ಸಹಾಯ.

6. ಕಾಗದಗಳನ್ನು ಕೂತು ಓದಿ

ನೋಂದಣಿ ಪತ್ರ ಹೇಳುವುದು ಮರಿಯ ಅಪ್ಪ ಅಮ್ಮ ಯಾರು ಅಂತ ಮಾತ್ರ. ಆರೋಗ್ಯದ ಬಗ್ಗೆ ಅದು ಒಂದು ಮಾತನ್ನೂ ಹೇಳುವುದಿಲ್ಲ. "ಪೇಪರ್ ಇದೆ" ಅಂದ ಕೂಡಲೇ ನೆಮ್ಮದಿ ಪಡಬೇಡಿ.

ಪರೀಕ್ಷೆಯ ವರದಿ ಕೈಗೆ ತೆಗೆದುಕೊಂಡು ಮೂರು ವಿಷಯ ತಾಳೆ ನೋಡಿ: ನಾಯಿಯ ನೋಂದಾಯಿತ ಹೆಸರು, ಮೈಕ್ರೋಚಿಪ್ (ಚರ್ಮದಡಿ ಹಾಕುವ ಗುರುತಿನ ಚಿಪ್) ಸಂಖ್ಯೆ, ಪರೀಕ್ಷೆಯ ದಿನಾಂಕ. ಮೈಕ್ರೋಚಿಪ್‌ಗೆ ಸಾಮಾನ್ಯವಾಗಿ 15 ಅಂಕಿ ಇರುತ್ತವೆ. ವರದಿಯಲ್ಲಿರುವ ಸಂಖ್ಯೆಯೂ ತಾಯಿಯ ಮೈಯಲ್ಲಿರುವ ಸಂಖ್ಯೆಯೂ ಒಂದೇ ಇರಬೇಕು. "ಡಾಕ್ಟರ್ ನೋಡಿದ್ದಾರೆ, ಎಲ್ಲ ಚೆನ್ನಾಗಿದೆ" ಅನ್ನುವುದು ಆ ದಿನದ ತಪಾಸಣೆ ಅಷ್ಟೇ. ವಂಶದ ಕಾಯಿಲೆಯ ಪರೀಕ್ಷೆ ಬೇರೆ.

ವಂಶಾವಳಿಯಲ್ಲಿ ಒಂದೇ ಹೆಸರು ಅಪ್ಪನ ಕಡೆಯೂ ಅಮ್ಮನ ಕಡೆಯೂ ಮತ್ತೆ ಮತ್ತೆ ಬಂದಿದೆಯಾ ನೋಡಿ. ಅಣ್ಣ ತಂಗಿಯನ್ನೇ ಕ್ರಾಸ್ ಮಾಡಿಸಿದರೆ ಹುಟ್ಟುವ ಮರಿಯ ಒಳಸಂಬಂಧದ ಪ್ರಮಾಣ, ಅಂದರೆ ಒಂದು ಜೀನಿನ ಎರಡೂ ಪ್ರತಿ ಒಂದೇ ಪೂರ್ವಜನಿಂದ ಬಂದಿರುವ ಸಾಧ್ಯತೆ, ಶೇ 25. ಅಜ್ಜ ಅಜ್ಜಿ ಒಂದೇ ಆದ ಕಸಿನ್‌ಗಳಾದರೆ ಶೇ 6.25. ಈ ಸಂಖ್ಯೆ ಎಷ್ಟು ಅಂತ ಬ್ರೀಡರನ್ನೇ ಕೇಳಿ. ಕಡಿಮೆ ಇದ್ದಷ್ಟೂ ಒಳ್ಳೆಯದು.

ಒಪ್ಪಂದ ಪತ್ರದಲ್ಲಿ ಒಂದು ಸಾಲು ಇರಲೇಬೇಕು. ಯಾವ ಕಾರಣಕ್ಕೇ ಆಗಲಿ, ಯಾವ ವಯಸ್ಸಿನಲ್ಲೇ ಆಗಲಿ, ನಾಯಿಯನ್ನು ಸಾಕಲು ಆಗದಿದ್ದರೆ ಬ್ರೀಡರ್ ವಾಪಸ್ ತೆಗೆದುಕೊಳ್ಳುತ್ತಾರೆ ಅಂತ. ತಾನು ಹುಟ್ಟಿಸಿದ ಜೀವ ಬೀದಿಗೆ ಬೀಳಬಾರದು ಅನ್ನುವವರು ಮಾತ್ರ ಇದನ್ನು ಬರೆದು ಕೊಡುತ್ತಾರೆ.

7. ಈಗ ಮರಿ ಆರಿಸಿ

ಮರಿಯನ್ನು ಎತ್ತಿಕೊಳ್ಳಿ. ಕಣ್ಣಲ್ಲಿ ಗೀಜು, ಮೂಗಲ್ಲಿ ಸುರಿತ ಇರಬಾರದು. ಕಿವಿ ಮೂಸಿದರೆ ಕೆಟ್ಟ ವಾಸನೆ ಬರಬಾರದು. ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಮೈ ಸಣ್ಣಗಿದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳು ಇರಬಹುದು. ಹೊಕ್ಕುಳ ಹತ್ತಿರ ಮೆತ್ತಗಿನ ಗಂಟು ಇದ್ದರೆ ಹರ್ನಿಯಾ, ವೈದ್ಯರಿಗೆ ತೋರಿಸಬೇಕು. ಬಾಲದ ಕೆಳಗೆ ಭೇದಿಯ ಗುರುತು ಇರಬಾರದು. ಗಂಡು ಮರಿ ಆದರೆ ಎರಡೂ ಬೀಜ ಇಳಿದಿವೆಯಾ ನೋಡಿ.

ಸ್ವಲ್ಪ ದೂರದಲ್ಲಿ ಬೀಗದ ಕೈ ಗೊಂಚಲು ಬೀಳಿಸಿ. ಮರಿ ಬೆಚ್ಚಿದರೆ ತಪ್ಪಿಲ್ಲ. ಬೆಚ್ಚಿದ ಮೇಲೆ ಏನದು ಅಂತ ನೋಡಲು ಬರುತ್ತದೆಯೇ, ಅಥವಾ ಅಡಗಿ ಕೂತು ಬರುವುದೇ ಇಲ್ಲವೇ ಅನ್ನುವುದು ಮುಖ್ಯ. ಎಲ್ಲರಿಗಿಂತ ಮುಂದೆ ಓಡಿ ಬಂದು ಪ್ಯಾಂಟ್ ಕಚ್ಚುವ ಮರಿ "ನನ್ನನ್ನೇ ಆರಿಸಿತು" ಅಂತ ಬಹಳ ಜನ ಮನಸೋಲುತ್ತಾರೆ. ಅದು ಆ ಸೂಲಿನ ತುಂಟ ಮರಿ ಇರಬಹುದು, ಶಾಂತ ಮನೆಗೆ ಅದು ಸರಿ ಹೋಗದಿರಬಹುದು. ನೀವು ನೋಡುವುದು ಒಂದು ಗಂಟೆ, ಬ್ರೀಡರ್ ನೋಡಿರುವುದು ಎಂಟು ವಾರ. ನಮ್ಮ ಮನೆಗೆ ಯಾವ ಮರಿ ಸರಿ ಅಂತ ಅವರನ್ನೇ ಕೇಳುವುದು ಮೇಲು.

ಜೊತೆ ಇರಲಿ ಅಂತ ಒಂದೇ ಸೂಲಿನ ಎರಡು ಮರಿ ತರಬೇಡಿ. ಬಹಳ ಸಲ ಅವು ಒಂದಕ್ಕೊಂದು ಅಂಟಿಕೊಂಡು ಮನುಷ್ಯರ ಮಾತಿಗೆ ಕಿವಿ ಕೊಡುವುದಿಲ್ಲ. ಬ್ರೀಡರ್ ಬಳಿ ಎರಡು ಮೂರು ವರ್ಷದ ನಾಯಿ ಇದ್ದರೆ ಅದನ್ನೂ ನೋಡಿ. ಶೋಗೆ ಬೆಳೆಸಿ ಆಮೇಲೆ ಬೇಡವಾದ ನಾಯಿಗಳನ್ನು ಕೆಲವರು ಒಳ್ಳೆಯ ಮನೆಗೆ ಕೊಡುತ್ತಾರೆ. ಅವುಗಳ ಸೊಂಟ, ಕಣ್ಣು, ಸ್ವಭಾವ ಎಲ್ಲ ಗೊತ್ತಾಗಿರುತ್ತದೆ. ಮನೆ ಕಳೆದುಕೊಂಡ ಜಾತಿ ನಾಯಿಗಳನ್ನೇ ನೋಡಿಕೊಳ್ಳುವ ರೆಸ್ಕ್ಯೂ ಗುಂಪುಗಳೂ ಇವೆ, ಅಲ್ಲೂ ವಿಚಾರಿಸಿ.

8. ಮನೆಗೆ ಕರೆತನ್ನಿ

ಎಂಟು ವಾರ ತುಂಬುವ ಮುಂಚೆ ಮರಿ ತರಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅಂತ ಅದು ಕಲಿಯುವುದು ಒಡಹುಟ್ಟಿದವರ ಜೊತೆ ಆಡುವಾಗ. ಪುಟ್ಟ ತಳಿಗಳಾದರೆ ಹತ್ತು, ಹನ್ನೆರಡು ವಾರದವರೆಗೂ ಕಾಯಬಹುದು.

ಬರುವಾಗ ಲಸಿಕೆ ಕಾರ್ಡ್, ಜಂತುಹುಳು ಔಷಧಿ ಕೊಟ್ಟ ದಿನಾಂಕಗಳು, ಈಗ ತಿನ್ನುತ್ತಿರುವ ಆಹಾರ ಒಂದು ವಾರಕ್ಕಾಗುವಷ್ಟು, ತಾಯಿಯ ವಾಸನೆ ಇರುವ ಒಂದು ಬಟ್ಟೆ, ಇಷ್ಟನ್ನು ಕೇಳಿ ತನ್ನಿ. ಎರಡು ಮೂರು ದಿನದೊಳಗೆ ನಿಮ್ಮದೇ ಪಶುವೈದ್ಯರಿಗೆ ತೋರಿಸಿ, ಮಲ ಪರೀಕ್ಷೆ ಮಾಡಿಸಿ. ಲಸಿಕೆ ಒಂದು ಸಲಕ್ಕೆ ಮುಗಿಯುವುದಿಲ್ಲ. ಕೆಲವು ವಾರಗಳ ಅಂತರದಲ್ಲಿ ಮರಿಗೆ 16 ವಾರ ಆಗುವವರೆಗೆ ಹಾಕಿಸುತ್ತಲೇ ಇರಬೇಕು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮರಿಯ ಮೈಯಲ್ಲಿ ಇರುವವರೆಗೂ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದು ಯಾವ ವಾರ ಇಳಿಯುತ್ತದೆ ಅನ್ನುವುದು ಮರಿಯಿಂದ ಮರಿಗೆ ಬೇರೆ.

ಬ್ರೀಡರ್ ಜೊತೆ ಸಂಪರ್ಕ ಬಿಡಬೇಡಿ. ಮರಿಗೆ ಚರ್ಮದ ಅಲರ್ಜಿ ಬಂದರೂ, ಫಿಟ್ಸ್ ಬಂದರೂ ಅವರಿಗೆ ತಿಳಿಸಿ. ಅದೇ ಸೂಲಿನ ಬೇರೆ ಮರಿಗಳಿಗೂ ಹಾಗೇ ಆಗಿದೆಯಾ ಅಂತ ಕೇಳಿ. ಎರಡು ವರ್ಷ ತುಂಬಿದ ಮೇಲೆ ಸೊಂಟದ ಎಕ್ಸ್-ರೇ ತೆಗೆಸಿದರೆ ಫಲಿತಾಂಶ ಕಳಿಸಿ, ಚೆನ್ನಾಗಿ ಬಂದಿದ್ದರೂ ಕಳಿಸಿ. ಆ ತಾಯಿಗೆ ಇನ್ನೊಂದು ಸೂಲು ಬೇಕೋ ಬೇಡವೋ, ಬೇಕಾದರೆ ಯಾವ ಗಂಡು ಅಂತ ಅವರು ತೀರ್ಮಾನ ಮಾಡುವುದು ಇಂಥ ಮಾಹಿತಿ ನೋಡಿಯೇ.